ನಾಲ್ಕು ಎಣಿಕೆಯ ಮೌನ

ಹಲ್ಲು ಕಟ್ಟುವುದು ಅವನ ಕಸುಬು. ಬೇರೆಯವರ ಬಾಯಿಯ ಅಚ್ಚು ತೆಗೆದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬೊಚ್ಚುಬಾಯಿಯವರನ್ನು ಮತ್ತೆ ನಗುವ ಹಾಗೆ ಮಾಡಿ ಕಳಿಸುವ ಕೆಲಸ. ಭಾನುವಾರ ಸಂಜೆ ಮಾತ್ರ ಆ ಬಿಳಿ ಪುಡಿಯ ಕೈ ತೊಳೆದುಕೊಂಡು ಚರ್ಚಿನ ಕ್ವಾಯರಿನಲ್ಲಿ ಹಾಡುತ್ತಿದ್ದ. ಅಲ್ಲಿ ಎಲ್ಲರೂ ಅವನನ್ನು ಹಲ್ಲಪ್ಪ ಎಂದೇ ಕರೆಯುತ್ತಿದ್ದರು. ಅವನದು ಬೇಸ್ ದನಿ, ಅಂದರೆ ಎಲ್ಲಕ್ಕಿಂತ ಕೆಳಗಿನದು. ದನಿ ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದು ಅವನಿಗೆ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಕ್ವಾಯರಿನಲ್ಲಿ ಒಟ್ಟು ಹದಿನಾರು ಜನ, ಎದುರುಬದುರಾಗಿ ಎರಡು ಸಾಲು. ಈ ಬದಿಯಲ್ಲಿ ಬೇಸಿನವರು ಇಬ್ಬರೇ: ಹಲ್ಲಪ್ಪ, ಅವನ ಭುಜಕ್ಕೆ ಭುಜ ತಾಗಿಸಿಕೊಂಡು ಬೈಂಡರ್ ದೊಡ್ಡಪ್ಪ. ದೊಡ್ಡಪ್ಪ ಅಂದರೆ ಸಂಬಂಧದಿಂದಲ್ಲ, ವಯಸ್ಸಿನಿಂದ. ಎಪ್ಪತ್ತನಾಲ್ಕು ದಾಟಿದ ಈ ಮನುಷ್ಯ ಮೊದಲು ಪುಸ್ತಕ ಬೈಂಡ್ ಮಾಡುತ್ತಿದ್ದರು. ಚರ್ಚಿನಲ್ಲಿರುವ ಪ್ರತಿ ಹಾಡಿನ ಪುಸ್ತಕದ ಬೆನ್ನಿಗೂ ಅವರೇ ಹೊಲಿಗೆ ಹಾಕಿದ್ದರು. ಮದುವೆಯಾಗಿರಲಿಲ್ಲ. ತಾಯಿ ಇಲ್ಲದ ತಮ್ಮನ್ನು ಸಾಕಿ ಬೆಳೆಸಿದ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದರು. ಸ್ವರಲಿಪಿ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ನಲವತ್ತಾರು ವರ್ಷ ಬರೀ ಕಿವಿ, ನೆನಪು, ಎಣಿಕೆ, ಇಷ್ಟರಲ್ಲೇ ಹಾಡಿಕೊಂಡು ಬಂದವರು. ಒಂದೇ ಒಂದು ಅಭ್ಯಾಸ ಇತ್ತು: ಪಾದ್ರಿಗಳ ಪ್ರಸಂಗ ಉದ್ದವಾದರೆ ತಮಗೆ ಗೊತ್ತಿಲ್ಲದಂತೆ ಮೆಲ್ಲಗೆ ಗುನುಗಲು ಶುರುಮಾಡುತ್ತಿದ್ದರು. ಹಲ್ಲಪ್ಪ ಮೊಣಕೈಯಿಂದ ತಿವಿದರೆ, "ಅಯ್ಯೋ, ಹಾಡ್ತಿದ್ನಾ?" ಎಂದು ನಾಚಿಕೊಳ್ಳುತ್ತಿದ್ದರು.

ಕ್ವಾಯರ್ ನಡೆಸುವ ಮೇಷ್ಟ್ರು ಒಂದು ಕಟ್ಟಳೆ ಇಟ್ಟಿದ್ದರು. ಅವರಿಗಿಂತ ಹಿಂದಿನವರು, ಅವರಿಗಿಂತಲೂ ಹಿಂದಿನವರು ಇಟ್ಟಿದ್ದನ್ನೇ ಇವರೂ ಉಳಿಸಿಕೊಂಡಿದ್ದರು. ಅಭ್ಯಾಸದಲ್ಲಿ ತಪ್ಪಿದವರು ಹಾಡುತ್ತಲೇ ಕೈ ಎತ್ತಬೇಕು. ಅಂದರೆ, ನಾನು ತಪ್ಪಿದೆ, ನನಗೆ ಗೊತ್ತು, ಇನ್ನೊಮ್ಮೆ ತಪ್ಪುವುದಿಲ್ಲ ಎಂದರ್ಥ. ಮೇಷ್ಟ್ರು ಒಮ್ಮೆ ತಲೆಯಾಡಿಸಿ ಮುಂದುವರಿಯುತ್ತಾರೆ. ಬೈಗುಳವಿಲ್ಲ, ಹಾಡು ನಿಲ್ಲಿಸಿ ಕಳ್ಳನನ್ನು ಹುಡುಕುವ ರಗಳೆಯಿಲ್ಲ. ಆರಾಧನೆಯ ಹೊತ್ತಿನಲ್ಲಿ ಕೈ ಎತ್ತಲು ಆಗುವುದಿಲ್ಲವಲ್ಲ, ಅದಕ್ಕೆ ಮುಗಿದ ಮೇಲೆ ನಿಲುವಂಗಿ ಬದಲಿಸುವ ಕೋಣೆಯಲ್ಲಿ ಒಂದೇ ಸಲ "ಯಾರು?" ಎಂದು ಕೇಳುತ್ತಾರೆ. ಕೈ ಏಳುತ್ತದೆ. "ಸರಿ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. "ತಪ್ಪು ಮಾಡೋದ್ರಲ್ಲಿ ಎಲ್ಲಾ ಕ್ವಾಯರೂ ಒಂದೇ. ಒಪ್ಕೊಳ್ಳೋದ್ರಲ್ಲಿ ಮಾತ್ರ ನಾವು ಎತ್ತಿದ ಕೈ" ಎಂದು ಮೇಷ್ಟ್ರು ಹೊಸಬರೆದುರು ಜಂಬ ಕೊಚ್ಚುವುದಿತ್ತು. ಹೊಸಬರಿಗೆ ಸ್ವರಕ್ಕಿಂತ ಮೊದಲು ಈ ಕೈ ಎತ್ತುವುದನ್ನೇ ಕಲಿಸುತ್ತಿದ್ದರು.

ಇನ್ನು ಅನಾಹುತವಾದ ಆ್ಯಂತಮ್‌ನ, ಅಂದರೆ ಕ್ವಾಯರಿನ ವಿಶೇಷ ಸ್ತೋತ್ರಗೀತೆಯ ಮಾತು. ಸಂಜೆಯ ಆರಾಧನೆಯಲ್ಲಿ ಪ್ರಾರ್ಥನೆಗಳ ನಡುವೆ ಒಂದು ಹೊತ್ತು ಬರುತ್ತದೆ, ಆಗ ಸಭೆ ಕುಳಿತು ಕೇಳುತ್ತದೆ, ಕ್ವಾಯರ್ ಮಾತ್ರ ಹಾಡುತ್ತದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕುಳಿತವರು ಕಾಲು ಬದಲಿಸಿದ ಸದ್ದು, ಅಷ್ಟೇ ಬಹುಮಾನ. ಚರ್ಚಿನ ವಾರ್ಷಿಕೋತ್ಸವಕ್ಕೆ ಹಾಡುತ್ತಿದ್ದ ಆ್ಯಂತಮ್ ಅನ್ನು ನೂರು ವರ್ಷದ ಹಿಂದೆ ಅಲ್ಲೇ ಆರ್ಗನ್ ಬಾರಿಸುತ್ತಿದ್ದವನೊಬ್ಬ ಕಟ್ಟಿದ್ದ. ಅಚ್ಚಾಗಲೇ ಇಲ್ಲ. ಕೈಬರಹದ ಪ್ರತಿಗಳಲ್ಲೇ ಉಳಿದು, ಆ ಗೋಡೆಗಳ ಆಚೆ ಯಾರಿಗೂ ಗೊತ್ತಿರಲಿಲ್ಲ.

ಆರ್ಗನ್ನಿನ ತೀರ ಕೆಳಗಿನ ಸ್ವರವೊಂದು ಮೊದಲು ಬರುತ್ತದೆ, ಕಿವಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಗುವಷ್ಟು ಕೆಳಗೆ. ಅದರ ಮೇಲೆ ಬೇಸಿನವನೊಬ್ಬ ಒಂಟಿಯಾಗಿ ನಾಲ್ಕು ಸಾಲು ಹಾಡುತ್ತಾನೆ. ಸಂಕಟದಲ್ಲಿರುವವನೊಬ್ಬ ದೇವರನ್ನು ಕರೆಯುವ ಸಾಲುಗಳು. ಈ ಬದಿಯವರು ಅದನ್ನೇ ಎತ್ತಿಕೊಂಡು ಕರೆಯುತ್ತಾರೆ, ಆ ಬದಿಯವರು ಇನ್ನೊಂದು ಮೆಟ್ಟಿಲು ಮೇಲಿಂದ ಕರೆಯುತ್ತಾರೆ. ಹೀಗೆ ಏರುತ್ತ ಏರುತ್ತ ಹದಿನಾರು ಗಂಟಲೂ ಇಡೀ ಆರ್ಗನ್ನೂ ಸೇರಿ ಒಂದೇ ಪ್ರಶ್ನೆ ಕೂಗುತ್ತವೆ: ನನ್ನ ಕೂಗು ನಿನಗೆ ಕೇಳಿಸಿತೇ? ಅಲ್ಲಿ ಎಲ್ಲವೂ ಕತ್ತರಿಸಿದಂತೆ ನಿಲ್ಲುತ್ತದೆ. ನಿಧಾನವಾಗಿ ನಾಲ್ಕು ಎಣಿಸುವಷ್ಟು ಹೊತ್ತು ಮೌನ. ಮೇಷ್ಟ್ರು ಕೈ ಕೆಳಗಿಳಿಸಿ ಸುಮ್ಮನೆ ನಿಂತಿರುತ್ತಾರೆ. ಆಮೇಲೆ ಎತ್ತರದ ದನಿಯ ಹೆಂಗಸರು ಮಾತ್ರ, ಉಸಿರಿನಷ್ಟು ಮೆಲ್ಲಗೆ, 'ಕೇಳಿಸಿತು' ಎನ್ನುತ್ತಾರೆ. ಬೇರೆಯವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಬೇಸಿನವರ ಸರದಿ ಕೊನೆಗೆ.

ಮೊದಲಿನ ಒಂಟಿ ಸಾಲುಗಳನ್ನು ಇಪ್ಪತ್ತು ವರ್ಷದಿಂದ ದೊಡ್ಡಪ್ಪನೇ ಹಾಡುತ್ತಿದ್ದರು. ಹಲ್ಲಪ್ಪನಿಗೆ ಅವುಗಳ ಮೇಲೆ ಕಣ್ಣಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಸ್ನಾನದ ಮನೆಯಲ್ಲಿ ಮಾತ್ರ ಹಾಡಿ ಹಾಡಿ ಹೆಂಡತಿಯ ತಲೆ ತಿಂದಿದ್ದ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಅವನು ಹಲ್ಲಿನ ಡಾಕ್ಟರಮ್ಮನನ್ನು ಕರೆದಿದ್ದ. ಅವನು ಕಟ್ಟುವ ಹಲ್ಲಿನ ಸೆಟ್ಟುಗಳಲ್ಲಿ ಮುಕ್ಕಾಲು ಪಾಲು ಹೋಗುವುದು ಆಕೆಯ ಆಸ್ಪತ್ರೆಗೇ. ಆಕೆ ಎರಡನೇ ಬೆಂಚಿನಲ್ಲಿ, ಅವನ ಹೆಂಡತಿಯ ಪಕ್ಕ ಕುಳಿತಿದ್ದಳು. ನೋಡಿ ಹಾಡುವವನಲ್ಲ ತಾನು ಎಂದು ತೋರಿಸಲು ಹಲ್ಲಪ್ಪ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡ. ದೊಡ್ಡಪ್ಪ ತಮ್ಮ ಸಾಲುಗಳನ್ನು ಎಂದಿನಂತೆ ಹಾಡಿದರು. ಹಾಡು ಏರಿತು. ಎಲ್ಲರೂ ಕೂಗಿದರು. ಕತ್ತರಿಸಿದಂತೆ ನಿಂತಿತು.

ಒಂದು. ಹಲ್ಲಪ್ಪ ಎರಡನೇ ಬೆಂಚಿನತ್ತ ಕಣ್ಣು ಹೊರಳಿಸಿದ. ಡಾಕ್ಟರಮ್ಮ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು, ಕಣ್ಣರಳಿಸಿಕೊಂಡು. ಹಿಗ್ಗಿನಲ್ಲಿ ಅವನ ಎಣಿಕೆ ಎಲ್ಲೋ ಕಳೆದುಹೋಯಿತು. ಮೇಷ್ಟ್ರ ಬೆರಳು ಅಲ್ಲಾಡಿದಂತೆ ಕಂಡಿತು. ಪಾಪ, ಅವರು ತೋಳಿನ ಅಂಚು ಸರಿಮಾಡಿಕೊಂಡಿದ್ದಷ್ಟೇ. ಹಲ್ಲಪ್ಪ ಎದೆತುಂಬ ಉಸಿರೆಳೆದು, ಆ ತುಂಬಿದ ಮೌನದ ನಟ್ಟನಡುವೆ, "ಕೇಳಿ" ಎಂದು ಒಬ್ಬನೇ ಮೊಳಗಿದ. ಮಿಕ್ಕ ಅಕ್ಷರಗಳನ್ನು ಹಲ್ಲು ಕಚ್ಚಿ ನುಂಗಿಕೊಂಡ. ಆದರೆ ಬಿಟ್ಟ ದನಿ ಬಿಟ್ಟ ಹಾಗೆಯೇ. ಅದು ಚಾವಣಿಯ ಮಾಡಿಗೆ ಹೋಗಿ, ಕಂಬಗಳನ್ನು ಸುತ್ತಿ, ಸಾವಕಾಶವಾಗಿ ವಾಪಸ್ಸು ಬಂತು. ಮಕ್ಕಳ ಬೆಂಚಿನಿಂದ ಒಂದು ನಗು ಪುಸಕ್ಕೆಂದಿತು.

ಕೆಳಗಿನ ಸ್ವರ ಯಾವ ಬಾಯಿಂದ ಬಂತೆಂದು ಹೇಳುವುದು ಕಷ್ಟ. ಈ ಬದಿಯ ಬೇಸ್ ಎನ್ನುವುದು ಎಲ್ಲರಿಗೂ ತಿಳಿಯಿತು, ಇಬ್ಬರಲ್ಲಿ ಯಾರು ಎನ್ನುವುದು ಯಾರಿಗೂ ತಿಳಿಯಲಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಬಂದಾಗ ಹಲ್ಲಪ್ಪನ ಕಿವಿ ಕಾದ ಕೆಂಡವಾಗಿತ್ತು. ಮೇಷ್ಟ್ರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಯಾರು?" ಎಂದರು.

ಎತ್ತಬೇಕಾಗಿದ್ದ ಕೈ ನಿಲುವಂಗಿಯ ಗುಂಡಿಗಳ ಮೇಲಿತ್ತು. ಈ ಒಂದು ಗುಂಡಿ ಬಿಚ್ಚಿ ಎತ್ತುತ್ತೇನೆ ಎಂದುಕೊಂಡ. ಇನ್ನೊಂದು ಬಿಚ್ಚಿದ. ಹೊರಗೆ ಡಾಕ್ಟರಮ್ಮನ ದನಿ ಕೇಳಿಸಿತು, ಹೆಂಡತಿ ಏನೋ ಹೇಳಿ ನಗುತ್ತಿದ್ದಳು. ಮೂರನೆಯದು ಬಿಚ್ಚಿದ. ನೂರು ವರ್ಷದಲ್ಲಿ ಆ ಪ್ರಶ್ನೆಗೆ ಅಷ್ಟು ಹೊತ್ತು ಉತ್ತರ ಬರದೆ ನಿಂತದ್ದಿರಲಿಕ್ಕಿಲ್ಲ.

ಆಗ ಅವನ ಪಕ್ಕದಲ್ಲಿ ಒಂದು ಕೈ ನಿಧಾನವಾಗಿ ಮೇಲೆ ಹೋಯಿತು.

"ನಾನೇ ಇರಬೇಕು, ಮೇಷ್ಟ್ರೇ" ಎಂದರು ದೊಡ್ಡಪ್ಪ.

ಮೇಷ್ಟ್ರು ಅವರನ್ನು ಒಂದು ಕ್ಷಣ ನೋಡಿದರು. "ಸರಿ" ಎಂದರು. ಎಲ್ಲರೂ ಮತ್ತೆ ಬಟ್ಟೆ ಮಡಚಲು ತೊಡಗಿದರು. ಹಲ್ಲಪ್ಪ ತನ್ನ ನಾಲ್ಕನೆಯ ಗುಂಡಿ ಬಿಚ್ಚಿದ. ಈ ಜನ್ಮದಲ್ಲಿ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ, ಆದರೆ ನಾಚಿಕೆಯ ಜೊತೆಗೇ ಒಂದು ನೆಮ್ಮದಿಯೂ ಆಯಿತು, ಅದನ್ನು ಮುಚ್ಚಿಡುವುದು ಬೇಡ.

ದಾರಿಯಲ್ಲಿ ಹೆಂಡತಿ ಕೇಳಿದಳು, "ಯಾರ್ರೀ ಅದು, ಮಧ್ಯದಲ್ಲಿ ಗೂಳಿ ಹಾಗೆ ಕೂಗಿದ್ದು?"

"ಬೈಂಡರ್ ದೊಡ್ಡಪ್ಪ" ಎಂದ ಹಲ್ಲಪ್ಪ.

"ಅಯ್ಯೋ ಪಾಪ. ವಯಸ್ಸಾಯ್ತು ಬಿಡಿ."

"ಹೂಂ. ವಯಸ್ಸಾಯ್ತು."

ಕೋಣೆಯಲ್ಲಿ ಸುಮ್ಮನಿದ್ದದ್ದು ಹೇಡಿತನ. ಬೀದಿಯಲ್ಲಿ ಆಡಿದ್ದು ಹಸಿ ಸುಳ್ಳು. ಎರಡರ ನಡುವೆ ಹತ್ತು ನಿಮಿಷವೂ ಕಳೆದಿರಲಿಲ್ಲ.

ಒಂದು ವಾರ ಬಿಟ್ಟು ಕೈ ಎತ್ತಿದರಾಯಿತು, ಮೇಷ್ಟ್ರು ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಆದರೆ ಗುರುವಾರದ ಅಭ್ಯಾಸಕ್ಕೆ ದೊಡ್ಡಪ್ಪ ತಮ್ಮ ನಿಲುವಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಪುಸ್ತಕದಂತೆ ಚೌಕಕ್ಕೆ ಮಡಚಿ ತಂದಿದ್ದರು. ಅದನ್ನು ಆರ್ಗನ್ನಿನ ಮೇಲಿಟ್ಟು, "ನನಗೆ ಸಾಕು. ಬೇರೆಯವರ ಹಾಡು ಕೆಡಿಸೋ ಮುಂಚೆ ಕೂತ್ಕೊಳ್ಳೋದು ಮರ್ಯಾದೆ" ಎಂದರು. ಮೇಷ್ಟ್ರು ಬೇಡವೆಂದರು. ಒಂದು ಸಲ ತಪ್ಪುವುದು ಯಾರಿಗೂ ಇದ್ದದ್ದೇ ಎಂದರು. ಹೆಂಗಸರಿಬ್ಬರು ಕೈ ಹಿಡಿದುಕೊಂಡರು. ದೊಡ್ಡಪ್ಪ ನಕ್ಕು ತಲೆಯಾಡಿಸಿದರು, ಅಷ್ಟೇ. ಹಲ್ಲಪ್ಪನ ಬೆನ್ನು ತಟ್ಟಿ, "ಇನ್ನು ಆ ಸಾಲು ನಿನ್ನದು ಕಣಪ್ಪ. ಉಸಿರು ಎರಡನೇ ಸಾಲಿಗೆ ಮುಂಚೆ ತಗೋ, ನಡುವೆ ತಗೋಬೇಡ" ಎಂದು ಹೇಳಿ ಹೊರಟರು. ಹಲ್ಲಪ್ಪ ಆ ಸಾಲಿನ ಪುಟ ಹುಡುಕುವವನಂತೆ ಪುಸ್ತಕ ತಿರುವಿದ.

ಕೆಟ್ಟುಹೋದ ಆ್ಯಂತಮ್ ಮೇಷ್ಟ್ರ ಮನಸ್ಸನ್ನು ಕೊರೆಯುತ್ತಿತ್ತು. ಮೂರು ವಾರದ ಮೇಲೆ ಅದನ್ನು ಇನ್ನೊಮ್ಮೆ ಹಾಡಿಸಿದರು. ಒಂಟಿ ಸಾಲುಗಳನ್ನು ಹಲ್ಲಪ್ಪ ಹಾಡಿದ. ಉಸಿರನ್ನು ಎರಡನೇ ಸಾಲಿಗೆ ಮುಂಚೆ ತೆಗೆದುಕೊಂಡ. ಎಲ್ಲರೂ ಹೊಗಳಿದರು. ಅವನು ಆಸೆಪಟ್ಟದ್ದು ಕೈಗೆ ಬಂದಿತ್ತು, ಕದ್ದ ಮಾಲಿನಂತೆ ಬಚ್ಚಿಡಲೂ ಆಗದೆ ತೋರಿಸಲೂ ಆಗದೆ ಒದ್ದಾಡಿದ.

ಮುಂದಿನ ಮಂಗಳವಾರ ಮಧ್ಯಾಹ್ನ ದೊಡ್ಡಪ್ಪ ಅವನ ಕೆಲಸದ ಕೋಣೆಗೇ ಬಂದರು. ಅವರ ಕೆಳಗಿನ ಸೆಟ್ಟು ಕಟ್ಟಿದವನು ಹಲ್ಲಪ್ಪನೇ. ಒಂದು ಕಡೆ ವಸಡಿಗೆ ಒತ್ತಿ ಹುಣ್ಣಾಗಿತ್ತು.

ಸಣ್ಣ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನವರ ದವಡೆಗಳ ಪಡಿಯಚ್ಚು, ಒಂದೊಂದಕ್ಕೂ ಒಂದು ಚೀಟಿ. ಕಿಟಕಿಯ ಬಳಿ ಉಜ್ಜುವ ಮೋಟರು, ಮೇಣದ ದೀಪ, ಗಾಳಿಯಲ್ಲಿ ಗಾರೆಯ ಪುಡಿ. ಹಲ್ಲಪ್ಪ ಅವರ ಬಾಯಲ್ಲಿ ನೀಲಿ ಕಾಗದ ಇಟ್ಟು, "ಕಚ್ಚಿ ದೊಡ್ಡಪ್ಪ" ಎಂದ. ಸೆಟ್ಟು ತೆಗೆದು, ನೀಲಿ ಬಣ್ಣ ಗಾಢವಾಗಿ ಹತ್ತಿದ ಜಾಗ ನೋಡಿದ. ಉಜ್ಜುವ ನೆಪದಲ್ಲಿ ಅವರಿಗೆ ಬೆನ್ನು ತಿರುಗಿಸಿ ಕುಳಿತ.

ಕೆಳಹಲ್ಲಿಲ್ಲದ ಬಾಯಲ್ಲಿ ದೊಡ್ಡಪ್ಪ ಮಾತು ಶುರುಮಾಡಿದರು. ಮಾತು ಮೆತ್ತಗಾಗಿ, ಅಂಚು ಸವೆದಂತೆ ಬರುತ್ತಿತ್ತು. "ಭಾನುವಾರ ಕೇಳಿದೆ ಕಣಪ್ಪ. ನಲವತ್ತಾರು ವರ್ಷ ಹಾಡಿದೀನಿ ಆ ಹಾಡನ್ನ, ಒಂದ್ಸಲನೂ ಕೇಳೇ ಇರಲಿಲ್ಲ."

"ಹಾಗಂದ್ರೆ?"

"ಒಳಗೆ ನಿಂತವನಿಗೆ ತನ್ನ ಸಾಲು, ಪಕ್ಕದವನ ಸಾಲು, ಅಷ್ಟೇ. ಮನೆ ಕಟ್ಟೋನಿಗೆ ಗೋಡೆ ಕಾಣುತ್ತೆ, ಮನೆ ಕಾಣಲ್ಲ. ಬೆಂಚಲ್ಲಿ ಕೂತ್ರೆ ಗೊತ್ತಾಗುತ್ತೆ. ಈ ಕಡೆಯಿಂದ ಕರೀತಾರೆ, ಆ ಕಡೆಯಿಂದ ಕರೀತಾರೆ, ನಾವು ನಡುವೆ ಕೂತಿರ್ತೀವಿ, ಎರಡು ಕಡೆಯವರ ಸಂಕಟನೂ ನಮ್ಮ ಮೇಲೇ ಬೀಳುತ್ತೆ. ಕೂಗಿ ನಿಲ್ಲಿಸ್ತಾರಲ್ಲ, ಆ ಮೌನ... ನಾನು ಅಂದ್ಕೊಂಡಿದ್ದೆ ಅದು ನಮಗೆ ಉಸಿರು ತಗೊಳ್ಳೋಕೆ ಅಂತ. ಅಲ್ಲ ಕಣೋ! ಕೂಗು ನಿಂತಿರಲ್ಲ ಅಲ್ಲಿ. ಮೇಲೆ ಹೋಗುತ್ತೆ, ಮಾಡಲ್ಲಿ ಒಂದು ಸುತ್ತು ಹಾಕುತ್ತೆ, ತೆಳ್ಳಗಾಗ್ತಾ ಆಗ್ತಾ ಕೆಳಗಿಳಿಯುತ್ತೆ. ನಾನು ಎಣಿಸಿದೆ. ಸರಿಯಾಗಿ ನಾಲ್ಕಕ್ಕೆ ಪೂರ್ತಿ ಕರಗಿ ಹೋಗುತ್ತೆ. ಹೋದ ಕ್ಷಣಕ್ಕೇ ಆ ಹೆಣ್ಮಕ್ಕಳು 'ಕೇಳಿಸಿತು' ಅಂತಾರೆ. ಕಟ್ಟಿದ ಪುಣ್ಯಾತ್ಮ ನಮ್ಮ ಮಾಡಿನ ಅಳತೆ ತಗೊಂಡು ಬರ್ದಿದಾನೆ. ಬೇರೆ ಕಡೆ ಹಾಡಿದ್ರೆ ಎಣಿಕೆ ಕೂಡಲ್ಲ. ಕೇಳ್ತಾ ಕಣ್ಣಲ್ಲಿ ನೀರು ಬಂತು ನನಗೆ."

ಹನ್ನೆರಡು ವರ್ಷದಿಂದ ಆ ನಾಲ್ಕು ಎಣಿಕೆಯಲ್ಲಿ ಹಲ್ಲಪ್ಪ ಮಾಡಿದ್ದು ಒಂದೇ: ತನ್ನ ಸರದಿಗೆ ಕಾದದ್ದು.

"ಅಂಥಾ ಜಾಗದಲ್ಲಿ ಹೋಗಿ ನಾನು ಬಾಯಿ ಹಾಕಿದ್ನಲ್ಲ" ಎಂದರು ದೊಡ್ಡಪ್ಪ. "ಅದು ನೆನೆಸಿಕೊಂಡ್ರೆ ಊಟ ಸೇರಲ್ಲ."

"ನಿಮಗೆ... ನಿಮಗೆ ನೆನಪಿದ್ಯಾ, ಹಾಡಿದ್ದು?"

"ಅದೇ ಭಯ ನೋಡು. ನೆನಪೇ ಇಲ್ಲ! ನನ್ನ ಎದೆಯಲ್ಲಿ ಅದುರಿದ್ದು ಮಾತ್ರ ಗೊತ್ತು. ಬಾಯಿ ತೆರೆದದ್ದು ಗೊತ್ತಿಲ್ಲ. ಪ್ರಸಂಗದಲ್ಲಿ ಗುನುಗ್ತೀನಲ್ಲ, ಹಾಗೇ ಇದೂ. ಮೇಷ್ಟ್ರು ಯಾರು ಅಂದಾಗ ಕಾದೆ. ಯಾರೂ ಕೈ ಎತ್ತಲಿಲ್ಲ. ಈ ಕಡೆ ಇದ್ದೋರು ನಾವಿಬ್ರೇ, ನಿನ್ನ ಕೈ ಏಳಲಿಲ್ಲ. ಹಾಗಾದ್ರೆ ನಾನೇ ತಾನೇ? ನಮ್ಮಲ್ಲಿ ಯಾರಪ್ಪ ಕೈ ಬಚ್ಚಿಟ್ಕೊಳ್ಳೋರು?"

ಹಲ್ಲಪ್ಪನಿಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತೇನೆ ಅನ್ನಿಸಿತು. ತನ್ನನ್ನು ಕಾಪಾಡಲು ಮುದುಕ ತಪ್ಪು ಹೊತ್ತುಕೊಂಡಿರಬೇಕು ಎಂದು ಇಷ್ಟು ದಿನ ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದ. ಆ ಸಮಾಧಾನವೂ ಹೋಯಿತು. ಅವರು ಯಾರನ್ನೂ ಕಾಪಾಡಿರಲಿಲ್ಲ. ಅವನನ್ನು ನಂಬಿದ್ದರು, ಅಷ್ಟೇ.

"ನನಗೆ ಅರಳುಮರಳು ಹತ್ತಿದೆ ಕಣಪ್ಪ" ಎಂದರು ಅವರು, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ. "ಈಗ ಯಾವ ಕೆಲಸಕ್ಕೂ ಧೈರ್ಯ ಬರಲ್ಲ. ಒಲೆ ಆರಿಸಿದ್ದನ್ನ ಮೂರು ಸಲ ನೋಡ್ತೀನಿ. ಅಕ್ಕ ಹಾಸಿಗೆ ಹಿಡಿದು ತಿಂಗಳಾಯ್ತು, ಅವಳಿಗೆ ಸಾಯಂಕಾಲ ಹಾಡು ಬೇಕು. ಚಿಕ್ಕಂದಿನಿಂದ ಹಾಡ್ಕೊಂಡು ಬಂದಿದೀನಿ. ಈಗ ಬಾಯೇ ತೆಗೆಯಲ್ಲ ನಾನು. ಎಲ್ಲಿ ಶುರುವಾಗುತ್ತೋ ಎಲ್ಲಿ ನಿಲ್ಲುತ್ತೋ ನನ್ನ ಕೈಲಿ ಇಲ್ಲವಲ್ಲ. ರೇಡಿಯೋ ತಂದಿಟ್ಟಿದೀನಿ. ಅವಳಿಗೆ ಸಿಟ್ಟು. ನಿನಗೆ ಏನೂ ಆಗಿಲ್ಲ ಕಣೋ, ಸುಮ್ನೆ ಹಾಡು ಅಂತಾಳೆ."

ಈಗ ಹೇಳಬೇಕು. ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಕಾಲಿನಿಂದ ಮೋಟರಿನ ಗುಂಡಿ ಒತ್ತಿದ. ಉಜ್ಜುವ ಕಲ್ಲು ಕಿರ್ರೆಂದು ತಿರುಗಿತು. ಸೆಟ್ಟಿನ ನೀಲಿ ಕಲೆಯನ್ನು ಅದಕ್ಕೆ ಹಿಡಿದು, ಮುಖ ಗೋಡೆಯ ಕಡೆಗಿಟ್ಟುಕೊಂಡೇ, "ಅದು ನಾನು, ದೊಡ್ಡಪ್ಪ. ಅವತ್ತು ಕೂಗಿದ್ದು ನಾನು" ಎಂದ.

"ಏನಂದೆ?"

ಮೋಟರು ನಿಲ್ಲಿಸಿದ. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳುವ ಗಂಡಸುತನ ಅವನಲ್ಲಿ ಇರಲಿಲ್ಲ.

"ಏನಿಲ್ಲ ದೊಡ್ಡಪ್ಪ."

"ನೋಡಿದ್ಯಾ?" ದೊಡ್ಡಪ್ಪ ಬೊಚ್ಚುಬಾಯಿ ತೆರೆದು ನಕ್ಕರು. "ಕಿವಿಯೂ ಹೋಯ್ತು."

ಸೆಟ್ಟು ಈಗ ಒತ್ತುತ್ತಿರಲಿಲ್ಲ. ಎಷ್ಟು ಕೊಡಲಿ ಎಂದು ಕೇಳಿದರು. ಏನೂ ಬೇಡ ಅಂದ. ಒಳ್ಳೆಯ ಹುಡುಗ ನೀನು ಎಂದು ಹೇಳಿ ಹೋದರು. ಹಲ್ಲಪ್ಪ ಬಾಗಿಲು ಹಾಕಿಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತ. ಮೋಟರಿನ ಸದ್ದಿನ ಅಡಿಯಲ್ಲಿ ತಪ್ಪೊಪ್ಪಿಕೊಳ್ಳುವ ಉಪಾಯ ಯಾವ ಹೇಡಿಗೂ ಹೊಳೆದಿರಲಿಕ್ಕಿಲ್ಲ. ಮುದುಕನಿಗೆ ಇಲ್ಲದ ಇನ್ನೊಂದು ರೋಗವನ್ನು ಅಂಟಿಸಿ ಕಳಿಸಿದ್ದಾಯಿತು.

ಆಮೇಲಿನ ಎರಡು ತಿಂಗಳು ಅವನು ನೆಪಗಳಲ್ಲೇ ಕಳೆದ. ಆಸ್ಪತ್ರೆಯಿಂದ ಕೆಲಸ ಜಾಸ್ತಿ ಬಂದಿದೆ. ಮೇಷ್ಟ್ರಿಗೆ ನೆಗಡಿ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಕೊನೆಯ ನೆಪ ದಿನದಿನಕ್ಕೂ ಬಲಿಯುತ್ತಿತ್ತು. ರಸ್ತೆಯಲ್ಲಿ ದೊಡ್ಡಪ್ಪ ದೂರದಲ್ಲಿ ಕಂಡರೆ ಚಪ್ಪಲಿ ಅಂಗಡಿಗೆ ನುಗ್ಗುತ್ತಿದ್ದ. ಹೀಗೆ ನುಗ್ಗಿ ನುಗ್ಗಿ ಬೇಡದ ಒಂದು ಜೊತೆ ಚಪ್ಪಲಿ ಕೊಂಡದ್ದೂ ಆಯಿತು. ಹೆಂಡತಿ ಮಾತ್ರ ಒಮ್ಮೆ, "ಸ್ನಾನದ ಮನೆಯಲ್ಲಿ ಹಾಡೋದು ಬಿಟ್ರಲ್ಲ, ಹುಷಾರಾಗಿದೀರಾ?" ಎಂದು ಕೇಳಿದಳು.

ಒಂದು ಶನಿವಾರ ಬೆಳಿಗ್ಗೆ ಸುದ್ದಿ ಬಂತು. ದೊಡ್ಡಪ್ಪನ ಅಕ್ಕ ತೀರಿಕೊಂಡಿದ್ದರು.

ಮಣ್ಣು ಮಾಡುವ ದಿನ ಕ್ವಾಯರ್ ಪೂರ್ತಿ ಹೋಗಿತ್ತು. ಪೆಟ್ಟಿಗೆಯ ತಲೆಯ ಕಡೆ ದೊಡ್ಡಪ್ಪ ನಿಂತಿದ್ದರು, ಕೈಯಲ್ಲಿ ತಾವೇ ಬೈಂಡ್ ಮಾಡಿದ ಪುಸ್ತಕ. ಹಾಡು ಶುರುವಾಯಿತು. ಸಣ್ಣ ಮಕ್ಕಳಿಗೂ ಬರುವ ಹಾಡು, ಸೇರಿದವರೆಲ್ಲ ಹಾಡಿದರು, ಗುಂಡಿ ತೋಡಿದವರೂ ಸನಿಕೆಗೆ ಒರಗಿ ನಿಂತು ಹಾಡಿದರು. ದೊಡ್ಡಪ್ಪ ಮಾತ್ರ ತುಟಿ ಬಿಗಿಹಿಡಿದಿದ್ದರು. ಎಡಗೈಯನ್ನು ಬಾಯಿಗೆ ಅಡ್ಡವಾಗಿ ಒತ್ತಿಕೊಂಡಿದ್ದರು. ಅಳು ತಡೆಯುತ್ತಿದ್ದಾರೆ ಎಂದು ಜನ ತಿಳಿದರು. ಅವರು ತಡೆಯುತ್ತಿದ್ದದ್ದು ಹಾಡನ್ನು. ಅದು ಗೊತ್ತಿದ್ದವನು ಅಲ್ಲಿ ಒಬ್ಬನೇ. ಅವನು ಮೂರು ಹೆಜ್ಜೆ ದೂರದಲ್ಲಿ ನಿಂತು, ಚೆನ್ನಾಗಿರುವ ತನ್ನ ದನಿಯಲ್ಲಿ, ಒಂದು ಸ್ವರವೂ ತಪ್ಪದೆ ಹಾಡುತ್ತಿದ್ದ. ತನ್ನ ದನಿ ತನಗೇ ಅಸಹ್ಯವಾಯಿತು.

ಆ ಗುರುವಾರ ಅಭ್ಯಾಸಕ್ಕೆ ಎಲ್ಲರೂ ಪುಸ್ತಕ ಬಿಡಿಸಿ ನಿಂತಿದ್ದರು. ಮೇಷ್ಟ್ರು ಕೈ ಎತ್ತುವ ಮೊದಲೇ ಹಲ್ಲಪ್ಪ ಕೈ ಎತ್ತಿದ.

"ಇನ್ನೂ ಶುರುವೇ ಆಗಿಲ್ಲ, ಆಗಲೇ ತಪ್ಪಿಬಿಟ್ಯೇನಪ್ಪ?" ಎಂದರು ಮೇಷ್ಟ್ರು. ನಗೆ ಎದ್ದಿತು.

ಅವನು ಕೈ ಇಳಿಸಲಿಲ್ಲ. "ವಾರ್ಷಿಕೋತ್ಸವದ ದಿನ ಕೂಗಿದ್ದು ನಾನು" ಎಂದ. "ದೊಡ್ಡಪ್ಪ ಅಲ್ಲ. ಅವತ್ತೇ ಗೊತ್ತಿತ್ತು ನನಗೆ."

ನಗೆ ಅಲ್ಲೇ ಸತ್ತಿತು. ಯಾರೋ ಪುಸ್ತಕ ಮುಚ್ಚಿದರು. ಎದುರಿನ ಸಾಲಿನ ಹೆಂಗಸೊಬ್ಬರು ಅವನ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು. ಮೇಷ್ಟ್ರು ಆರ್ಗನ್ನಿನ ಕಡೆ ಕೈ ತೋರಿಸಿದರು.

"ಅವರು ಬಟ್ಟೆ ಮಡಚಿ ತಂದು ಇಲ್ಲಿಟ್ಟಾಗ ನೀನು ಇಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಮೊನ್ನೆ ಮಣ್ಣಲ್ಲಿ?"

"ಅಲ್ಲೂ ಇದ್ದೆ."

ಮೇಷ್ಟ್ರು 'ಸರಿ' ಎನ್ನಲಿಲ್ಲ. "ನನ್ನ ಹತ್ರ ಹೇಳಿ ಏನು ಬಂತು? ಕೈ ಇಳಿಸು. ಹೋಗು ಅವರ ಹತ್ರ" ಎಂದರು. ಹಲ್ಲಪ್ಪ ಹದಿನಾಲ್ಕು ಜನರ ಕಣ್ಣೆದುರು ಸಾಲಿನಿಂದ ಹೊರಬಂದು, ಪಕ್ಕದ ಬಾಗಿಲಿನಿಂದ ಇಳಿದು ಹೋದ. ಬಾಗಿಲು ಮುಚ್ಚಿಕೊಂಡ ಮೇಲೂ ಒಳಗೆ ಹಾಡು ಶುರುವಾದದ್ದು ಕೇಳಿಸಲಿಲ್ಲ.

ದೊಡ್ಡಪ್ಪನ ಮನೆ ಎರಡು ಬೀದಿ ಆಚೆ, ಮೊದಲ ಮಹಡಿಯಲ್ಲಿ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಅಂಟಿನ ಡಬ್ಬಿ, ರಟ್ಟಿನ ತುಂಡುಗಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲಿನ ಹಾಸಿಗೆ ತೆಗೆದಿದ್ದರು, ಬರೀ ಹಲಗೆ ಕಾಣುತ್ತಿತ್ತು. ದೊಡ್ಡಪ್ಪ ಯಾರದೋ ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತ ಕುಳಿತಿದ್ದರು. ಕೈಗೆ ಏನಾದರೂ ಕೆಲಸ ಬೇಕು ಎಂದು ಕೇಳಿ ತರಿಸಿಕೊಂಡಿದ್ದಂತೆ.

"ಬಾಪ್ಪ. ಗುರುವಾರ ಅಲ್ವಾ ಇವತ್ತು? ಅಭ್ಯಾಸ ಇಲ್ವಾ?"

ಹಲ್ಲಪ್ಪ ಕೂರಲಿಲ್ಲ. ಕುಳಿತರೆ ಬೇರೆ ಮಾತು ಬಂದುಬಿಡುತ್ತದೆ ಎಂದು ಹೆದರಿದ. ನಿಂತಲ್ಲೇ, ನಿಧಾನವಾಗಿ, ಪ್ರತಿ ಮಾತೂ ಕೇಳಿಸುವ ಹಾಗೆ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮನನ್ನು ನೋಡಿದ್ದು, ಎಣಿಕೆ ತಪ್ಪಿದ್ದು, ಗುಂಡಿ ಬಿಚ್ಚುತ್ತ ನಿಂತದ್ದು, ಹೆಂಡತಿಯ ಬಳಿ ಸುಳ್ಳಾಡಿದ್ದು, ಮೋಟರಿನ ಸದ್ದಿನಲ್ಲಿ ಹೇಳಿದ್ದು.

ದೊಡ್ಡಪ್ಪ ಬಟ್ಟೆಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೇಳಿದರು. ಬಿಟ್ಟರೆ ಅಂಟು ಕಿತ್ತುಬರುತ್ತದೆ.

"ಹಾಗಾದ್ರೆ ನಾನು ಬಾಯಿ ತೆಗೆದಿರಲಿಲ್ವಾ?"

"ಇಲ್ಲ ದೊಡ್ಡಪ್ಪ."

"ಒಂಚೂರೂ?"

"ಒಂಚೂರೂ ಇಲ್ಲ. ನಿಮ್ಮ ಎಣಿಕೆ ಸರಿಯಾಗಿತ್ತು. ನಿಮ್ಮ ಎದೆಯಲ್ಲಿ ಅದುರಿದ್ದು ನನ್ನ ದನಿ."

"ಮೋಟರ್ ಹತ್ರ ನೀನು ಹೇಳಿದ್ದು... ಅದು ಯಾರಿಗೂ ಕೇಳಿಸ್ತಿರಲಿಲ್ಲ?"

"ಯಾರಿಗೂ ಕೇಳಿಸ್ತಿರಲಿಲ್ಲ. ಕೇಳಿಸಬಾರದು ಅಂತಲೇ ಹೇಳಿದ್ದು."

ಹಲ್ಲಪ್ಪ ಬೈಗುಳಕ್ಕೆ ಕಾದ. ಬೈದರೆ ಎಷ್ಟು ಹಗುರವಾಗುತ್ತಿತ್ತು! ಹೊಡೆದರೂ ಆಗುತ್ತಿತ್ತು. ಕ್ಷಮಿಸಿದೆ ಎಂದರೂ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಮುದುಕನ ಮುಖದಲ್ಲಿ ಸಿಟ್ಟು ಬರಲಿಲ್ಲ. ಹುಬ್ಬು ಮೆಲ್ಲಗೆ ಮೇಲೇರಿತು, ಕಣ್ಣು ಅಗಲವಾಯಿತು, ಬಾಯಿಯ ಎರಡೂ ತುದಿ ಅದುರಿತು. ಎಷ್ಟೋ ತಿಂಗಳಿಂದ ಕಾಣದ ಒಂದು ಹಿಗ್ಗು ಅಲ್ಲಿ ಬಂದು ತುಂಬಿಕೊಂಡಿತು. ಅಂಟಿನ ಬಟ್ಟೆ ಬಿಟ್ಟು, ನಿಘಂಟು ಬಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ನನಗೆ ಏನೂ ಆಗಿಲ್ಲ!" ಎಂದರು. ಎದುರಿಗೆ ಹಲ್ಲಪ್ಪ ಇದ್ದಾನೆ ಎಂಬುದೇ ಅವರಿಗೆ ಮರೆತಂತಿತ್ತು. ಒಳಕೋಣೆಯ ಕಡೆ ತ್ವರಿತವಾಗಿ ಎರಡು ಹೆಜ್ಜೆ ಹಾಕಿ, ಅರ್ಧ ತೆರೆದ ಬಾಗಿಲನ್ನು ಪೂರ್ತಿ ತಳ್ಳಿ, ಗಟ್ಟಿಯಾಗಿ ಕೂಗಿದರು.

"ಅಕ್ಕಾ, ಕೇಳಿಸ್ತೇನೇ? ನನಗೆ ಅರಳುಮರಳಲ್ಲವಂತೆ!"

ಆಮೇಲೆ ಅವರು ಬಾಗಿಲ ಮೇಲೆ ಕೈ ಇಟ್ಟುಕೊಂಡು, ಹಲಗೆಯ ಮಂಚವನ್ನು ನೋಡುತ್ತ, ಹಾಗೆಯೇ ನಿಂತುಬಿಟ್ಟರು.